ತಿಕೋಟಾದಿಂದ ಇಬ್ರಾಹಿಂಪುರಕ್ಕೆ, ಅಕ್ಕನ ಜೊತೆ

ನನ್ನ ಮಗಳಿಗೆ ಹೆಸರಿಡುವ ದಿನ ನಾನು ನನ್ನ ಅಕ್ಕನನ್ನು ಕರೆತರಲು ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮೇ ತಿಂಗಳ ಉರಿಬಿಸಿಲಲ್ಲಿ ನಾವಿಬ್ಬರೂ ಬಿಜಾಪುರವನ್ನು ಹುಚ್ಚರಂತೆ ಏಕೆ ಸುತ್ತಿದೆವು ಎಂಬುದು ಯಾರಿಗೂ ತಿಳಿಯುವುದಿಲ್ಲ.

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಸೋದರತ್ತೆಯೇ ಅದರ ಕಿವಿಯಲ್ಲಿ ಹೆಸರು ಹೇಳಬೇಕು. ಅವಳು ಬಗ್ಗಿ "ಕುರ್ರ್" ಎಂದು ಹೆಸರು ಉಸುರಿದ ಕೂಡಲೇ ಸುತ್ತಲಿನ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಆ ಗುದ್ದು ತಿನ್ನುವುದು ಅವಳ ಹಕ್ಕು. ಆದರೆ ಅವಳು ತಾನಾಗಿ ಎದ್ದು ಬರುವಂತಿಲ್ಲ, ಯಾರಾದರೂ ಹೋಗಿ ಕರೆತರಬೇಕು. ನನ್ನ ಅಕ್ಕ ಶಾಂತವ್ವನನ್ನು ತಿಕೋಟಾಕ್ಕೆ ಕೊಟ್ಟಿದೆ. ಅವತ್ತು ಅವಳು ಕೂಸಿನ ತಲೆಗೆಂದು ಹೊಲಿದ ಕುಂಚಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬೆಳಿಗ್ಗೆಯಿಂದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಳು. ನಾನು ಬಿಜಾಪುರದ ಇಬ್ರಾಹಿಂಪುರ ಬಡಾವಣೆಯಲ್ಲಿ, ಹೆಂಡತಿಯ ತವರಾದ ಅತ್ತೆಯ ಮನೆಯಲ್ಲಿದ್ದೆ. ನನ್ನ ಮೂರು ಗಾಲಿಯ ಟಂಟಂ ಬಾಗಿಲಲ್ಲೇ ನಿಂತಿತ್ತು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಬಬಲೇಶ್ವರದಲ್ಲಿ ಟಂಟಂ ಓಡಿಸುತ್ತೇನೆ, ಸಂತೆಯ ಮಾಲು ಹೇರುತ್ತೇನೆ. ಹೆಂಡತಿಯ ಕಡೆಯವರು ಓದಿದವರು, ನೌಕರಿಯವರು. ಅಕ್ಕ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಹಣ್ಣು ಆರಿಸುವವಳು. ಕೈ ಕಪ್ಪಗೆ, ಅಂಟು ಅಂಟು. ಮಾತು ಜೋರು. ನನ್ನ ಮದುವೆಯಲ್ಲಿ ಊಟ ಬಡಿಸುವ ವಿಷಯಕ್ಕೆ ಅವಳು ಒದರಾಡಿದ್ದನ್ನು ಆ ಮನೆಯವರು ಇಂದಿಗೂ ಆಡಿ ತೋರಿಸಿ ನಗುತ್ತಾರೆ. ಅಂದು ಆ ಮನೆ ತುಂಬ ಇಸ್ತ್ರಿ ಬಟ್ಟೆಯ ನೆಂಟರಿದ್ದರು. ನನಗೆ ಹೋಗಿ ಕರೆತರುವ ಧೈರ್ಯ ಬರಲಿಲ್ಲ. ಅತ್ತೆಗೆ, "ಅಕ್ಕಗ ಶೆಡ್ಡಿನ ಕೆಲಸ ಐತಂತ, ಬರಾಂಗಿಲ್ಲ" ಎಂದೆ. ಅಕ್ಕನಿಗೆ ಮಧ್ಯಾಹ್ನ ಫೋನು ಮಾಡಿ, "ಗಾಡಿ ಪಂಕ್ಚರ್ ಆತು" ಎಂದೆ. ಕೂಸಿನ ಕಿವಿಯಲ್ಲಿ ಹೆಸರನ್ನು ಹೆಂಡತಿಯ ತಂಗಿ ಹೇಳಿದಳು.

ಆಮೇಲೆ ಅಕ್ಕ ಆ ಮಾತನ್ನೇ ಎತ್ತಲಿಲ್ಲ. ಮೇ ತಿಂಗಳಲ್ಲಿ ಶೆಡ್ಡಿನ ಕೆಲಸ ಮುಗಿದ ಮೇಲೆ ಒಂದು ದಿನ ಅವಳೇ ಫೋನು ಮಾಡಿದಳು. "ಬಸು, ದವಾಖಾನಿ, ಸಂತಿ ಬಿಟ್ಟರ ನಾ ಬಿಜಾಪುರ ನೋಡೇ ಇಲ್ಲಲೇ. ಬಂದು ಕರಕೊಂಡ ಹೋಗಿ ತೋರಸು." ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹೆಂಡತಿ, ಕೂಸು ಇನ್ನೂ ಇಬ್ರಾಹಿಂಪುರದಲ್ಲೇ ಇದ್ದರು. ಅಕ್ಕ ಅಲ್ಲಿಗೆ ಹೋದರೆ ನನ್ನ ಎರಡು ಸುಳ್ಳುಗಳು ಒಂದೇ ಬಾಗಿಲಲ್ಲಿ ಎದುರುಬದುರಾಗುತ್ತಿದ್ದವು. ಗುಮ್ಮಟ, ಬುರುಜು ತೋರಿಸುತ್ತ ಹೊತ್ತು ಕಳೆದು, ಸಂಜೆ ತಿಕೋಟಾಕ್ಕೆ ವಾಪಸ್ ಮುಟ್ಟಿಸಿಬಿಡಬೇಕೆಂದು ಲೆಕ್ಕ ಹಾಕಿದೆ.

ಬೆಳಿಗ್ಗೆ ಬೇಗ ಬಬಲೇಶ್ವರ ಬಿಟ್ಟು ಟಂಟಂನಲ್ಲೇ ತಿಕೋಟಾಕ್ಕೆ ಹೋದೆ. ಅಕ್ಕ ಹೊಸ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಬುತ್ತಿಯ ಚೀಲ ಹಿಡಿದು ರಸ್ತೆಯಲ್ಲೇ ನಿಂತಿದ್ದಳು. ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಇದನ್ನ ಇಲ್ಲೇ ಬಿಡು. ಬಸ್ಸಿಗೆ ಹೋಗೂಣು."

"ಯಾಕ ಬೇ? ಗಾಡಿ ಐತೆಲ್ಲ, ಎಲ್ಲಿ ಬೇಕಾದಲ್ಲಿ ತಿರಗಬಹುದು."

"ಪಂಕ್ಚರ್ ಆದೀತು. ಬಸ್ಸಿನ್ಯಾಗ ನಂದು ಫ್ರೀ. ನಿಂದು ನೀ ಕೊಡು."

ಹಾಗೆ ಚೆನ್ನಾಗಿ ಓಡುವ ಗಾಡಿಯನ್ನು ಅವಳ ಮನೆಯ ಮುಂದೆ ನಿಲ್ಲಿಸಿ, ನಾವು ಬಸ್ಸಿಗೆ ಕಾದೆವು. ಬಂದ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಇಪ್ಪತ್ತು ಕಿಲೋಮೀಟರ್ ದೂರವನ್ನು ನಾನು ಒಂದೇ ಕಾಲ ಮೇಲೆ ನಿಂತು ಕಳೆದೆ. ಅಕ್ಕ ಆಧಾರ್ ಕಾರ್ಡು ತೋರಿಸಿ, ಯಾರನ್ನೋ ಸರಿಸಿ, ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳನ್ನು ಲೆಕ್ಕವಿಡುವವಳಂತೆ ನೋಡುತ್ತಿದ್ದಳು.

ಮೊದಲು ಇಬ್ರಾಹಿಂ ರೋಜಾ. ಅದು ಊರಿನ ಪಶ್ಚಿಮಕ್ಕೇ ಇದೆ, ನಮಗೆ ದಾರಿಯಲ್ಲೇ ಸಿಗುತ್ತದೆ. ಬಿಸಿಲು ಏರಿರಲಿಲ್ಲ, ಹುಲ್ಲಿಗೆ ನೀರು ಬಿಟ್ಟಿದ್ದರು. ಒದ್ದೆ ಮಣ್ಣಿನ ವಾಸನೆ, ಗಿಣಿಗಳ ಗದ್ದಲ. ಕೆತ್ತನೆಯ ಗೋಡೆಗಳನ್ನು ಅಕ್ಕ ಕೈಯಾಡಿಸದೆ, ಹತ್ತಿರ ಹೋಗಿ ಮೂಗು ತಾಗುವಂತೆ ನೋಡಿದಳು. "ಕಲ್ಲಿನ್ಯಾಗ ಕಸೂತಿ ಹಾಕ್ಯಾರಲೇ," ಎಂದಳು. ಅಷ್ಟು ಹೊತ್ತು ನನಗೂ ಹಿತವೆನಿಸಿತ್ತು. ಆಮೇಲೆ ಅವಳು ನನ್ನತ್ತ ತಿರುಗಿ ಕೇಳಿದಳು:

"ಮುಂದ?"

ದಿನವಿಡೀ ನನ್ನ ತಲೆ ತಿಂದದ್ದು ಈ ಒಂದು ಮಾತು. ಉಪ್ಪಲಿ ಬುರುಜಿಗೆ ಕರೆದೊಯ್ದೆ. ಆಟೋದವನು ಕೇಳಿದ ಬಾಡಿಗೆಗೆ ಅಕ್ಕ, "ಆಟೋ ಮಾರಾಕತ್ತೀಯೇನಪಾ?" ಎಂದು ಜಗಳ ತೆಗೆದದ್ದರಿಂದ ನಡೆದೇ ಹೋದೆವು. ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಬುರುಜಿನ ಹೊರಗೆ ಸುತ್ತಿಕೊಂಡು ಏರುವ ಮೆಟ್ಟಿಲು, ಹಿಡಿಯಲು ಏನೂ ಇಲ್ಲ. ಅವಳು ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಸರಸರ ಏರಿದಳು. ನಾನು ಗೋಡೆಗೆ ಒರಗಿಕೊಂಡು, ಬೆವರಿ, ಮೇಲೆ ಮುಟ್ಟುವಷ್ಟರಲ್ಲಿ ಅವಳು ಅಲ್ಲಿರುವ ಉದ್ದನೆಯ ಫಿರಂಗಿಯ ಪಕ್ಕ ನಿಂತು ಊರೆಲ್ಲ ನೋಡಿ ಮುಗಿಸಿದ್ದಳು. ಬೂದು ಮಾಳಿಗೆಗಳು, ನೀರಿನ ಕಪ್ಪು ಟಾಕಿಗಳು, ನಡುನಡುವೆ ಬೇವಿನ ಹಸಿರು, ದೂರದಲ್ಲಿ ಗೋಳಗುಮ್ಮಟ.

"ಇಬ್ರಾಹಿಂಪುರ ಯಾ ಕಡೆ ಬರತೈತಿ?"

"ಅದು ಇಲ್ಲಿಂದ ಕಾಣಾಂಗಿಲ್ಲ ಬೇ."

"ಹೂಂ. ಮುಂದ?"

ಮುಂದೆ ಮಲಿಕ್-ಎ-ಮೈದಾನ್ ತೋಪು. ಅಕ್ಕ ಸಿಂಹದ ಮುಖದಂತೆ ಮಾಡಿದ ಅದರ ಬಾಯಿಯೊಳಗೆ ಇಣುಕಿ, "ಇದರ ಮಾರಿ ನಿಮ್ಮ ಅತ್ತಿ ಮಾರಿ ಇದ್ದಾಂಗೈತಿ," ಎಂದು ತಾನೇ ನಕ್ಕಳು. ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಕುಟುಂಬವೂ ನಕ್ಕಿತು. ನನಗೆ ನಗು ಬರಲಿಲ್ಲ. ಬಾರಾ ಕಮಾನಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಚಾವಣಿಯಿಲ್ಲದ ಆ ಕರಿಕಲ್ಲಿನ ಕಮಾನುಗಳು ಒಲೆಯಂತೆ ಕಾದಿದ್ದವು. ನೆರಳಿರುವ ಕಡೆಯೆಲ್ಲ ಕಾಲೇಜು ಹುಡುಗ ಹುಡುಗಿಯರು ಮೊದಲೇ ಜಾಗ ಹಿಡಿದಿದ್ದರು. ಹೆಂಗಸರ ಪಾಯಖಾನೆ ಎಲ್ಲಿದೆ ಎಂದು ನಾಲ್ಕು ಜನರನ್ನು ಕೇಳಿದೆ, ನಾಲ್ವರೂ ನಾಲ್ಕು ದಿಕ್ಕು ತೋರಿಸಿದರು. ಇಷ್ಟೊಂದು ಅರಸರು ಆಳಿದ ಊರಲ್ಲಿ ಒಬ್ಬ ಹೆಂಗಸಿಗೆ ಇಷ್ಟು ಸಿಗಬಾರದೇ ಎಂದು ನನಗೆ ಸಿಟ್ಟು ಬಂತು. ಕೊನೆಗೆ ಒಂದು ಖಾನಾವಳಿಯವರನ್ನು ಬೇಡಿಕೊಂಡೆ.

ಗಗನ ಮಹಲಿನ ತೋಟದಲ್ಲಿ ಒಂದು ಬೇವಿನ ಬುಡ ಸಿಕ್ಕಿತು. ಅಕ್ಕ ಬುತ್ತಿ ಬಿಚ್ಚಿದಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ, ಡಬ್ಬಿಯಲ್ಲಿ ಗಟ್ಟಿ ಮೊಸರು. ನನಗೆ ಎಣ್ಣೆಗಾಯಿ ಇಷ್ಟವೆಂದು ತಾನು ಮುಟ್ಟದೆ ಎಲ್ಲವನ್ನೂ ನನ್ನ ಕಡೆಗೆ ಸರಿಸಿದಳು. ಇದಕ್ಕಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು. ಈಗಲೇ ಹೇಳಿಬಿಡಲೇ ಎಂದುಕೊಂಡೆ. "ಅಕ್ಕಾ," ಎಂದೆ.

"ಏನಲೇ?"

"ಮೊಸರ ಭಾಳ ಚಲೋ ಐತಿ."

"ಎಮ್ಮಿ ಮೊಸರ," ಎಂದಳು. ಕೈ ತೊಳೆದು ಚೀಲ ಕಟ್ಟಿದಳು. "ಮುಂದ?"

ಜುಮ್ಮಾ ಮಸೀದಿಯ ಹಿಂದಿನ ಓಣಿಗಳಲ್ಲಿ ನಾನು ದಾರಿ ತಪ್ಪಿದೆ. ಟಂಟಂ ಓಡಿಸುವವನಿಗೆ ಇದಕ್ಕಿಂತ ಅವಮಾನವಿಲ್ಲ. ಒಂದೇ ಮಸೀದಿಯ ಗೋಡೆಯನ್ನು ಎರಡು ಸಲ ಸುತ್ತಿದೆವು. ಅಕ್ಕ ಹಿಂದೆ ಬರುತ್ತಿದ್ದಳು. ಒಂದು ಮನೆಯ ಮುಂದೆ ಹೊರಸಿನ ಮೇಲೆ ಶಾವಿಗೆ ಒಣಗಿಸಿ, ಆಡು ಬಾಯಿ ಹಾಕದಂತೆ ಕಾಯುತ್ತ ವಯಸ್ಸಾದ ಹೆಂಗಸೊಬ್ಬಳು ಕೋಲು ಹಿಡಿದು ಕೂತಿದ್ದಳು. ಅಕ್ಕ ನೀರು ಕೇಳಿದಳು. ಆಕೆ ಒಳಗಿಂದ ಮಣ್ಣಿನ ಕೊಡದ ತಣ್ಣೀರು ತಂದು ಕೊಟ್ಟು, ಕಟ್ಟೆಯ ಮೇಲೆ ಕೂಡಿಸಿದಳು.

"ಇಂಥಾ ಬಿಸಲಾಗ ಎಲ್ಲಿಗೆ ಹೊಂಟೀರಿ?"

"ಊರು ನೋಡಾಕ ಬಂದೇವಿ ಚಾಚಿ. ಇಂವ ನನ್ನ ತಮ್ಮ. ತೋರಸಾಕತ್ತಾನ," ಎಂದಳು ಅಕ್ಕ.

"ಚಲೋ ತಮ್ಮ ಅದಾನ ತಗೋ. ನನ್ನ ತಮ್ಮ ಇಲ್ಲೇ ಸೊಲ್ಲಾಪುರ ರಸ್ತಾದಾಗ ವರ್ಕ್‌ಶಾಪ್ ಇಟ್ಟಾನ. ಈದಿಗೊಮ್ಮೆ ಮಾರಿ ತೋರಸತಾನ. ಅದೂ ಶಾವಿಗಿ ಪಾಯಸ ತಿನ್ನಾಕ." ಆಕೆ ಕೋಲಿನಿಂದ ಆಡನ್ನು ಗದರಿ, ನನ್ನನ್ನು ಕೇಳಿದಳು, "ಮಕ್ಕಳೆಷ್ಟಪಾ?"

"ಒಬ್ಬಾಕಿ ಮಗಳು. ಮೂರು ತಿಂಗಳಾತು."

"ಮಾಶಾಲ್ಲಾ! ಹೆಸರೇನಿಟ್ಟೀರಿ?" ಆಕೆ ಕೇಳಿದ್ದು ನನ್ನನ್ನಲ್ಲ, ಅಕ್ಕನನ್ನು. ಸೋದರತ್ತೆಯೇ ಹೆಸರಿಡುವವಳೆಂದು ಈ ಓಣಿಯವರಿಗೂ ಗೊತ್ತು.

ಅಕ್ಕ ಗ್ಲಾಸಿನ ತಳದ ನೀರನ್ನು ನೋಡುತ್ತಿದ್ದಳು. "ಇವನ್ನ ಕೇಳ್ರಿ. ನಾ ಇಟ್ಟಿಲ್ಲ."

"ಯಾಕವಾ? ಅತ್ತಿ ಅಲ್ಲೇನ ನೀ?"

"ಅತ್ತೀನ. ಅವತ್ತ ಬರಾಕ ಆಗಲಿಲ್ಲ. ಇವನ ಗಾಡಿ ಪಂಕ್ಚರ್ ಆಗಿತ್ತು."

"ಸಮೃದ್ಧಿ," ಎಂದೆ ನಾನು. ಆ ಹೆಸರನ್ನು ಅಕ್ಕನ ಎದುರು ಹೇಳಿದ್ದು ಅದೇ ಮೊದಲು. ಅವಳು ಅದನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡಳು. ಮುದುಕಿ ನಮ್ಮಿಬ್ಬರ ಮುಖ ನೋಡಿ, ಕೂಸಿಗೆ ಹಾಲುಣಿಸುವ ತಾಯಿ ಶಾವಿಗೆ ತಿನ್ನಲಿ ಎಂದು ಒಂದು ಕಾಗದದಲ್ಲಿ ಕಟ್ಟಿಕೊಟ್ಟಳು. ಗೋಳಗುಮ್ಮಟದ ದಾರಿಯನ್ನೂ ತೋರಿಸಿದಳು.

ಗೋಳಗುಮ್ಮಟ ನನ್ನ ಕೊನೆಯ ಜಾಗ. ಟಿಕೆಟ್ ತೆಗೆದು, ಮೇಲೆ ಹತ್ತೋಣ, ಅಲ್ಲಿ ಪಿಸುಮಾತೂ ಆಚೆಯ ಗೋಡೆಗೆ ಕೇಳುತ್ತದೆ ಎಂದು ವರ್ಣಿಸಿದೆ. ಹತ್ತಿ ಇಳಿಯಲು ಒಂದು ತಾಸಾದರೂ ಬೇಕು, ಆಗ ಬಸ್ಸಿನ ಹೊತ್ತಾಗುತ್ತದೆ ಎಂಬ ಆಸೆ ನನಗೆ. ಅಕ್ಕ ಗುಮ್ಮಟದ ಎತ್ತರವನ್ನು ಕಣ್ಣಲ್ಲೇ ಅಳೆದಳು. ಒಳಗಿಂದ ಜನ ಶಿಳ್ಳೆ ಹೊಡೆಯುವುದು, ಕಿರುಚುವುದು ಕೇಳುತ್ತಿತ್ತು.

"ಅಷ್ಟ ಎತ್ತರ ಹತ್ತಿ ಒದರೂದೇನೈತಿ? ಒದರೂದು ನನಗ ಇಲ್ಲೇ ನಿಂತರೂ ಬರತೈತಿ," ಎಂದು ಹುಲ್ಲಿನ ಮೇಲೆ ಕೂತುಬಿಟ್ಟಳು. ಚಪ್ಪಲಿ ಕಳೆದು, ಕಾಲು ಚಾಚಿದಳು. ಹಿಮ್ಮಡಿಗಳು ಒಡೆದು ಕೆಂಪಗಾಗಿದ್ದವು. ಬೆಳಿಗ್ಗೆಯಿಂದ ಅಷ್ಟು ನಡೆದೂ ಅವಳು ಒಮ್ಮೆಯೂ ಕಾಲು ನೋವು ಎಂದಿರಲಿಲ್ಲ. ಹುಲ್ಲಿನ ಮೇಲೆ ಗುಮ್ಮಟದ ನೆರಳು ನಿಧಾನ ಚಾಚುತ್ತಿತ್ತು.

"ಮುಂದ?" ಎಂದಳು.

"ಮುಂದೇನೂ ಇಲ್ಲ. ಎಲ್ಲಾ ಮುಗೀತು!" ನಾನು ಸಿಡುಕಿದೆ. "ಬೆಳಗ್ಗಿಂದ ಮುಂದ, ಮುಂದ ಅಂತ ಜೀವಾ ತಿಂದಿ. ಇನ್ನೇನ ತೋರಸಲಿ ನಿನಗ?"

ಅವಳು ಸಿಟ್ಟಾಗಲಿಲ್ಲ. ಚೀಲದ ತಳದಿಂದ ಒಂದು ಕೈವಸ್ತ್ರದ ಗಂಟು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬಿಚ್ಚಲಿಲ್ಲ. ಕುಂಚಿಗೆಯ ಜರಿಯ ಅಂಚು ಹೊರಗೆ ಕಾಣುತ್ತಿತ್ತು.

"ಏನೂ ಬ್ಯಾಡೋ ಯಪ್ಪಾ. ನೀ ಕರೀತಿ ಏನು ಅಂತ ನೋಡಾಕತ್ತಿದ್ದೆ."

ನಾನು ಎದ್ದೆ. "ಏಳು ಅಕ್ಕಾ. ಇಬ್ರಾಹಿಂಪುರಕ್ಕ ಹೋಗೂಣು. ನಾ ಕರಿಯಾಕತ್ತೇನಿ," ಎಂದೆ. ಈ ಸಲ ಆಟೋದವನು ಕೇಳಿದ್ದಕ್ಕೆ ಅವಳೂ ಚೌಕಾಸಿ ಮಾಡಲಿಲ್ಲ. ದಾರಿಯಲ್ಲಿ ಸೆರಗಿನ ತುದಿಗೆ ನೀರು ಹಚ್ಚಿ ಕೈಯ ಕಪ್ಪನ್ನು ಉಜ್ಜಿಕೊಳ್ಳುತ್ತಿದ್ದಳು. ಅದು ಹೋಗುವ ಕಪ್ಪಲ್ಲ. ನಾನು ರಸ್ತೆ ನೋಡುತ್ತ ಕೂತೆ.

ರೈಲು ಹಳಿಯ ಹತ್ತಿರದ ಆ ಓಣಿಯಲ್ಲಿ ಇಳಿದೆವು. ಅತ್ತೆ ಬಾಗಿಲಲ್ಲೇ ಇದ್ದರು. ಅವರ ಹಿಂದೆ ನನ್ನ ಹೆಂಡತಿ ಸವಿತಾ, ಹೆಗಲ ಮೇಲೆ ಕೂಸು. ಒಳಗೆ ಕುರ್ಚಿಗಳಲ್ಲಿ ಅವರ ಕಡೆಯ ಇಬ್ಬರು ನೆಂಟರು ಚಹಾ ಕುಡಿಯುತ್ತಿದ್ದರು.

"ಬರ್ರಿ ಬೀಗ್ರ, ಬರ್ರಿ," ಎಂದರು ಅತ್ತೆ, ನಗುತ್ತಲೇ. "ಅಂತೂ ಬಿಡುವಾತು. ಸೋದರಸೊಸಿ ತೊಟ್ಟಿಲಕ್ಕೂ ಬಿಡದಷ್ಟು ಶೆಡ್ಡಿನ ಕೆಲಸೇನ್ರಿ?"

ಅಕ್ಕ ನನ್ನತ್ತ ತಿರುಗಿದಳು. ಒಂದು ಕ್ಷಣ ಅಷ್ಟೇ. ಅವಳಿಗೆ ಎಲ್ಲವೂ ತಿಳಿದುಹೋಯಿತು. ಈಗ ಒದರುತ್ತಾಳೆ, ಓಣಿಯೆಲ್ಲ ಕೂಡುತ್ತದೆ ಎಂದು ನಾನು ತಲೆ ತಗ್ಗಿಸಿದೆ. ಅವಳು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಎಂದೂ ಇಲ್ಲದ ಮೆಲುದನಿಯಲ್ಲಿ ಹೇಳಿದಳು, "ಹೌದ್ರಿ ಬೀಗ್ರ. ಕೆಲಸ ಬಿಡಲಿಲ್ಲ. ನಂದ ತಪ್ಪಾತು."

ನನಗಾಗಿ ಅವಳು ಹೇಳಿದ ಆ ಸುಳ್ಳನ್ನು ನಾನು ಹೊಸ್ತಿಲು ದಾಟಲು ಬಿಡಲಿಲ್ಲ. ಚಹಾ ಕುಡಿಯುತ್ತಿದ್ದವರಿಗೂ ಕೇಳುವಂತೆ ಹೇಳಿದೆ:

"ಇಲ್ರಿ ಅತ್ತಿ. ಆಕಿಗೆ ಯಾ ಕೆಲಸಾನೂ ಇದ್ದಿಲ್ಲ, ನನ್ನ ಗಾಡಿ ಪಂಕ್ಚರೂ ಆಗಿದ್ದಿಲ್ಲ. ಆಕಿ ಬಸ್‌ಸ್ಟ್ಯಾಂಡಿನ್ಯಾಗ ಕುಂತು ನನ್ನ ದಾರಿ ನೋಡಾಕತ್ತಿದ್ಲು. ನಿಮ್ಮೆಲ್ಲರ ಮುಂದ ಆಕೀನ ಕರಕೊಂಡ ಬರಾಕ ನನಗ ನಾಚಿಕಿ ಆತು, ಅದಕ್ಕ ಹೋಗಲಿಲ್ಲ. ಅಕ್ಕಾ, ತಪ್ಪ ನಿಂದಲ್ಲ, ನಂದು. ನನ್ನಿಂದ ತಪ್ಪಾತು, ಅಕ್ಕಾ."