ಉಸಿರು ಮೂಸಿ ನೋಡುತ್ತಿದ್ದ ದನದ ಡಾಕ್ಟ್ರು

ನೆನೆಸಿದ ಅವರೆಕಾಳನ್ನು ಹಿತುಕುತ್ತ ಹಿತ್ತಿಲ ಬಿಸಿಲಿನಲ್ಲಿ ಕೂತಿದ್ದೆ. ಡೈರಿಗೆ ಹಾಲು ಹಾಕಿ ಬಂದ ನಮ್ಮ ಯಜಮಾನರು ಕ್ಯಾನು ಕೆಳಗಿಟ್ಟು, "ದನದ ಡಾಕ್ಟ್ರು ಹೋಗ್ಬಿಟ್ರಂತೆ ಕಣೇ. ನಂಗಲೀಲಿ, ಅವ್ರ ಮನೇಲೇ. ನಿನ್ನೇನೇ ಎಲ್ಲಾ ಮುಗೀತಂತೆ," ಅಂದರು. ನನ್ನ ಕೈ ಹಾಗೇ ನಿಂತಿತು. ಮೊದಲು ಕಣ್ಣಿಗೆ ಕಟ್ಟಿದ್ದು ಅವರ ಮೂಗು. ಉದ್ದನೆಯ ಮೂಗು, ಅದರ ಮೇಲೊಂದು ಹಳೆಯ ಗಾಯದ ಗೀರು. ಯಾವುದೋ ಎಮ್ಮೆ ಕೊಂಬು ಬೀಸಿದ್ದಂತೆ.

ಟೇಕಲ್ ಸುತ್ತಿನ ನಮ್ಮ ಹಳ್ಳಿಗಳಿಗೆಲ್ಲ ಅವರೇ ಪಶುವೈದ್ಯರು. ಹಸುವಿನ ಮೈಮೇಲೆ ಕೈಯಿಡುವ ಮೊದಲು ಅದರ ಬಾಯಿಯ ಹತ್ತಿರ ಮುಖ ಒಯ್ದು, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುವರು. "ಮೊದ್ಲು ಮೂಗು, ಆಮೇಲೆ ಕೈ," ಅನ್ನುವರು. "ನೋಡೇ, ಡಾಕ್ಟ್ರು ನಿಮ್ಮ ಹಸೂಗೆ ಮುತ್ತು ಕೊಡ್ತಾವ್ರೆ," ಎಂದು ಪಕ್ಕದ ಮನೆಯವಳು ಒಮ್ಮೆ ನಕ್ಕಳು. ಅದು ಅವರಿಗೂ ಕೇಳಿಸಿತು. "ಕೊಟ್ರೆ ಒದೀತಾಳಮ್ಮ. ಅಷ್ಟು ಧೈರ್ಯ ನಂಗಿಲ್ಲ," ಅಂದರು. ನಮ್ಮೊಡನೆ ಕನ್ನಡ, ದನಗಳೊಡನೆ ತೆಲುಗು. "ರಾವೇ ತಲ್ಲಿ, ಭಯಪಡಕೇ," ಬಾರೇ ತಾಯಿ, ಹೆದರಬೇಡ ಎಂದು ಕೊಂಬಿನ ಬುಡ ಕೆರೆದರೆ ಎಂಥ ಹಟಮಾರಿ ಹಸುವೂ ತಲೆ ತಗ್ಗಿಸುತ್ತಿತ್ತು.

ನನ್ನ ಮಗಳಿಗೆ ಎಂಟು ವರ್ಷಕ್ಕೇ ಸಕ್ಕರೆ ಕಾಯಿಲೆ ಬಂತು. ಮೈಯಲ್ಲಿ ಇನ್ಸುಲಿನ್ ಹುಟ್ಟುವುದಿಲ್ಲ, ದಿನವೂ ಸೂಜಿಯಲ್ಲಿ ಕೊಡಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಕೊಡುತ್ತಲೂ ಇದ್ದೆ. ಉಂಡರೆ ಸಕ್ಕರೆ ಏರುತ್ತದೆ, ಇಳಿಸುವುದಕ್ಕೆ ಸೂಜಿ. ನನಗೆ ತಿಳಿದದ್ದು ಅಷ್ಟೇ.

ಅವಳಿಗೆ ಹತ್ತು ತುಂಬಿದ ವರ್ಷ, ಶ್ರಾವಣದ ಒಂದು ಶುಕ್ರವಾರ ಮೈ ಬೆಚ್ಚಗಾಗಿ ಅವಳು ಏನೂ ತಿನ್ನಲಿಲ್ಲ. ತಿಂದಿಲ್ಲವಲ್ಲ ಎಂದು ಸಂಜೆಯ ಸೂಜಿ ಬಿಟ್ಟೆ. ಮರುದಿನ ಶನಿವಾರ; ತಿಮ್ಮಪ್ಪನ ಪೂಜೆಯಾಗುವ ತನಕ ಮನೆಯಲ್ಲಿ ಉಪವಾಸ. "ನಾನೂ ಇರ್ತೀನಮ್ಮ," ಅಂದಳು. ಬೆಳಗಿನ ಸೂಜಿಯನ್ನೂ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಎರಡು ಸಲ ವಾಂತಿಯಾಗಿ, ನೀರು ನೀರು ಅನ್ನುತ್ತ ನಡುಮನೆಯ ಚಾಪೆಯ ಮೇಲೆ ಮಲಗಿ ಜೋರಾಗಿ ಉಸಿರಾಡುತ್ತಿದ್ದಳು. ಉಪವಾಸದ ಸುಸ್ತು, ಪ್ರಸಾದ ತಿಂದರೆ ಸರಿಹೋಗುತ್ತದೆ ಅಂದುಕೊಂಡೆ.

ಅದೇ ಹೊತ್ತಿಗೆ ಡಾಕ್ಟ್ರು ನಮ್ಮ ಹಸುವನ್ನು ನೋಡಲು ಬಂದರು. ಆ ಹಸುವಿಗೆ ಆವತ್ತೇ ಕೆಚ್ಚಲು ಬಾತದ್ದನ್ನು ನಾನು ಇಂದಿಗೂ ದೇವರ ದಯೆಯೆಂದೇ ಎಣಿಸುತ್ತೇನೆ. ಕೈ ತೊಳೆದು ಮಜ್ಜಿಗೆಗೆಂದು ಒಳಗೆ ಬಂದವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಆಮೇಲೆ ಸೀದಾ ಹೋಗಿ ಮಗುವಿನ ಬಾಯಿಯ ಹತ್ತಿರ ಬಗ್ಗಿದರು.

"ಬಾಯಲ್ಲಿ ಕೊಳೆತ ಹಣ್ಣಿನ ವಾಸ್ನೆ. ಹಣ್ಣೇನಾದ್ರೂ ತಿಂದ್ಳೇನಮ್ಮ?"

"ಏನೂ ಇಲ್ಲ ಸಾರ್. ಉಪವಾಸ."

"ಸೂಜಿ?"

"ತಿಂದೇ ಇಲ್ವಲ್ಲ, ಸೂಜಿ ಯಾಕೆ ಅಂತ ನಿನ್ನೆ ಸಂಜೆಯಿಂದ ಕೊಟ್ಟಿಲ್ಲ."

"ಎತ್ತಮ್ಮ ಮಗೂನ! ಕೋಲಾರಕ್ಕೆ, ಈಗ್ಲೇ!"

ನಮ್ಮತ್ತೆ ಅಡ್ಡ ಬಂದರು. "ಪೂಜೆ ಆಗ್ಲಿ ಇರಪ್ಪಾ. ದನದ ಡಾಕ್ಟ್ರಿಗೆ ಮಕ್ಕಳ ಕಾಯಿಲೆ ಏನ್ ಗೊತ್ತಾಯ್ತದೆ?"

"ಗೊತ್ತಿಲ್ಲ ಅಂತಾನೇ ಕೋಲಾರ ಅಂತಿರೋದಜ್ಜೀ. ಈ ವಾಸ್ನೆ ಮಾತ್ರ ನಂಗೊತ್ತು. ಕರು ಹಾಕಿ ಮೇವು ಬಿಟ್ಟ ಹಸೂ ಬಾಯಲ್ಲಿ ಇದೇ ಬರ್ತದೆ. ತಿಮ್ಮಪ್ಪ ಕಾಯ್ತಾನೆ, ಇದು ಕಾಯಲ್ಲ."

ಪಕ್ಕದವರ ಟೊಮೆಟೊ ಟೆಂಪೊದಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವರು ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಸುವಿಗೆ ಹೇಳುವಂತೆಯೇ "ಭಯಪಡಕೇ ತಲ್ಲಿ" ಅನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಕೂಡಲೇ ಡ್ರಿಪ್ಪು, ಇನ್ಸುಲಿನ್ನು ಶುರುವಾಯಿತು. ರಕ್ತವೇ ವಿಷವಾಗಿತ್ತು, ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಅಂದರು ಅಲ್ಲಿಯವರು. ಮೂರನೆಯ ದಿನ ಮಗು ಇಡ್ಲಿ ಕೇಳಿತು.

ಆವತ್ತು ನೋಡಲು ಬಂದ ದನದ ಡಾಕ್ಟ್ರನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ ಕೇಳಿದೆ: "ಏನೂ ತಿನ್ನದ ಮಗೂಗೆ ವಿಷ ಎಲ್ಲಿಂದ ಬಂತು ಸಾರ್?"

"ಅವಳ ಮೈಕೊಬ್ಬಿಂದಾನೇ ತಾಯಿ. ಕೊಬ್ಬು ಸಣ್ಣ ಸಣ್ಣ ಕೋಶದಲ್ಲಿ ಕೂಡಿಟ್ಟಿರ್ತದೆ, ಕಣಜದಲ್ಲಿ ರಾಗಿ ಇಟ್ಟಂಗೆ. ಹಸಿವಾದ್ರೆ, ಜ್ವರ ಬಂದ್ರೆ ಅಡ್ರಿನಲಿನ್ ಅಂತ ಒಂದು ಹಾರ್ಮೋನು ಬರ್ತದೆ. ಅದು ಒಳಕ್ಕೆ ಹೋಗಲ್ಲ, ಕೋಶದ ಬಾಗಿಲಲ್ಲೇ ನಿಂತು ಕೂಗ್ತದೆ. ಆ ಕೂಗು ಒಳಗೆ ಒಬ್ರಿಂದೊಬ್ರಿಗೆ ದಾಟಿ, ಮಲಗಿರೋ ಎಂಜೈಮು ಎದ್ದು ಕೂರ್ತದೆ. ಎದ್ದಿದ್ದೇ, ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚಿದಂಗೆ ಕೊಬ್ಬು ಹೆಚ್ಚಿ ರಕ್ತಕ್ಕೆ ಬಿಡ್ತದೆ. ನಮ್ಗೆ ನಿಮ್ಗೆ ಅದು ಒಳ್ಳೇದೇ. ಉಪವಾಸದಲ್ಲಿ ನಡೆದಾಡೋ ಶಕ್ತಿ ಬರೋದೇ ಅದ್ರಿಂದ."

"ಮತ್ತೆ ಇವಳಿಗ್ಯಾಕೆ ಹಿಂಗಾಯ್ತು?"

"ಸಾಕು ಮಲಕ್ಕೋ ಅನ್ನೋರು ಬೇಕಲ್ಲಮ್ಮ. ಅದು ಇನ್ಸುಲಿನ್. ಉಣ್ಣದೇ ಇದ್ರೂ ಒಂದಿಷ್ಟು ಬೇಕು. ಇಲ್ದಿದ್ರೆ ಎಂಜೈಮು ಕತ್ತಿ ಕೆಳಗಿಡಲ್ಲ. ಹೆಚ್ಚಿದ್ದೆಲ್ಲ ಲಿವರ್‌ಗೆ ನುಗ್ಗಿ, ಅಲ್ಲಿ ಹುಳಿಯಾಗಿ ರಕ್ತ ಕೆಡ್ತದೆ. ಅವಳ ಬಾಯಲ್ಲಿ ಬಂದಿದ್ದು ಅದ್ರ ವಾಸ್ನೆ."

ಪಕ್ಕದಲ್ಲಿದ್ದ ಅತ್ತೆ ತಲೆದೂಗಿದರು. "ಅಂದ್ರೆ ಅದು ಮನೇಲಿ ನನ್ನಂಗೆ ಅನ್ನು. ನಾನ್ ಸಾಕು ಅನ್ನೋಗಂಟ ಯಾರ ಕೈಯೂ ನಿಲ್ಲಲ್ಲ."

"ನಿಮ್ಮಷ್ಟು ಜೋರಿಲ್ಲಜ್ಜೀ ಅದು."

ಮೂರು ದಿನದಲ್ಲಿ ಮೊದಲ ಸಲ ನಕ್ಕೆ. ನಗುತ್ತಲೇ ಅಳು ಬಂತು. "ನನ್ನ ಕೈಯಾರೆ ಕಳಕೊಳ್ತಿದ್ದೆ ಸಾರ್," ಅಂದೆ.

ಡಾಕ್ಟ್ರು ಕರವಸ್ತ್ರ ತೆಗೆದು ನನ್ನ ಕೈಗಿತ್ತರು. "ದೇವ್ರು ಉಪವಾಸ ಕೇಳ್ತಾನೋ ಇಲ್ವೋ ನಂಗೊತ್ತಿಲ್ಲಮ್ಮ. ಸೂಜಿ ಬಿಡು ಅಂತ ಮಾತ್ರ ಕೇಳಿರಲ್ಲ," ಅಂದು ಎದ್ದರು.

ಊರಿನಲ್ಲಿ ಯಾರು ಕೇಳಿದರೂ "ಮಗೂಗೆ ಜ್ವರ ಜಾಸ್ತಿಯಾಗಿತ್ತು" ಎಂದಷ್ಟೇ ಹೇಳಿದರು. ನನ್ನ ತಪ್ಪು ಅವರ ಬಾಯಿಂದ ಒಮ್ಮೆಯೂ ಹೊರಗೆ ಬರಲಿಲ್ಲ. ರಿಟೈರಾಗಿ ನಂಗಲಿಗೆ ಹೋದ ಮೇಲೂ ಶ್ರಾವಣ ಬಂದರೆ ಅವರದೊಂದು ಫೋನು: "ಉಪವಾಸ ನಿಂದು, ಸೂಜಿ ಅವಳದು. ನೆನಪಿದೆಯೇನಮ್ಮ?" ಈಗ ಮಗಳು ನರಸಾಪುರದ ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ. ದಿನವೂ ಕಂಪನಿ ಬಸ್ಸು ಹತ್ತುವುದನ್ನು ನೋಡುವಾಗ ತಿಮ್ಮಪ್ಪನಿಗೊಂದು, ಅವರಿಗೊಂದು ಎಂದು ಮನಸ್ಸಿನಲ್ಲೇ ಎರಡು ಸಲ ಕೈ ಮುಗಿಯುತ್ತೇನೆ.

ನಿನ್ನೆಯಿಂದ ಅವಳಿಗೆ ಜ್ವರ. ರಜೆ ಹಾಕಿ ಮಲಗಿದ್ದಳು. ಅಪ್ಪನ ಮಾತು ಕೇಳಿ ಕಣ್ಣೊರೆಸಿಕೊಳ್ಳುತ್ತ ಹಿತ್ತಿಲ ಬಾಗಿಲಿಗೆ ಬಂದಳು.

"ಹನ್ನೊಂದ್ನೇ ದಿನಕ್ಕೆ ನಂಗಲಿಗೆ ಹೋಗ್ಬರಣಮ್ಮ."

"ಹೋಗೋಣ. ಏನಾದ್ರೂ ತಿಂತೀಯಾ?"

"ಬಾಯಿಗೆ ಏನೂ ಸೇರಲ್ಲ."

ನಾನು ಅವಳ ಮುಖವನ್ನೇ ನೋಡಿದೆ.

"ಹಂಗ್ ನೋಡ್ಬೇಡ. ಸಕ್ಕರೆ ನೋಡ್ಕೊಂಡು, ಬೆಳಗ್ಗೇನೇ ಸೂಜಿ ತಗೊಂಡಾಯ್ತು."

ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದೆ. ರಾಗಿ ಹಿಟ್ಟನ್ನು ಗಂಟಾಗದಂತೆ ತಣ್ಣೀರಿನಲ್ಲಿ ಕದಡಿ, ಅವಳ ಗಂಜಿಗೆ ಒಲೆ ಹಚ್ಚಿದೆ.