ಬಾಟಲಿ ಮೂಸುವ ಇಬು ವಾರ್ಸಿನಿ
ಭಾನುವಾರ ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ಇಂಡೋನೇಷ್ಯಾದ ಸುರಬಾಯಾ ನಗರದ ಓಣಿಯೊಂದರಲ್ಲಿ, ತಂದ ಒಣಕಸಕ್ಕೆ ಹಣ ಜಮೆ ಮಾಡುವ ಕಸದ ಬ್ಯಾಂಕು ನಡೆಸುವ, ಎಲ್ಲರೂ ‘ಇಬು’ ಅಂದರೆ ಅಮ್ಮ ಎಂದು ಕರೆಯುವ ವಾರ್ಸಿನಿ, ನೆರೆಮನೆಯ ಜುಮಾದಿ ತಂದ ಖಾಲಿ ಬಾಟಲಿಗಳನ್ನು ಒಂದೊಂದಾಗಿ ಮೂಸುತ್ತಿದ್ದರು. ತೊಳೆಯದ ಬಾಟಲಿಯೆಂದರೆ ಅವರಿಗೆ ಸ್ನಾನ ಮಾಡದೆ ಬಂದ ನೆಂಟ, ಒಳಗೆ ಸೇರಿಸುವುದಿಲ್ಲ. ಮಗಳ ಮದುವೆಯಲ್ಲೂ ಅತಿಥಿಗಳು ಕುಡಿದು ಮುಗಿಸುವ ಮೊದಲೇ ಅವರ ಪ್ಲಾಸ್ಟಿಕ್ ಲೋಟಕ್ಕೆ ಕೈಚಾಚಿ ನಿಂತಿದ್ದವರು. “ಸೋಯಾ ಸಾಸ್ ಹಾಗೇ ಇದೆಯಲ್ಲಪ್ಪಾ! ಬಾಟ್ಲಿ ಕೊಡ್ತಿದ್ದೀಯೋ, ಊಟ ಬಡಿಸ್ತಿದ್ದೀಯೋ?” “ಸಾಕು ಬಿಡಿ ಇಬು, ಅದೊಂದನ್ನ ಚರಂಡಿಗೆ ಎಸೀತೀನಿ. ಒಂದ್ರಿಂದ ಏನಾಗತ್ತೆ?” ಎಂದ ಜುಮಾದಿ. ಮೂಸುವುದು ನಿಂತಿತು. ಇಬು ಎದ್ದು, ಗೋಡೆಯ ಮೇಲೆ ಉಳಿಸಿಕೊಂಡಿರುವ ಹಳೆಯ ಪ್ರವಾಹದ ಗೆರೆಗೆ ಅಂಗೈ ಒತ್ತಿದರು. “ಚರಂಡೀಲಿ ಕಸ ಕಟ್ಕೊಂಡ ವರ್ಷ ನೀರು ಇಲ್ಲೀವರೆಗೆ ಬಂದಿತ್ತು. ತೊಂಬತ್ತೆರಡು ಸೆಂಟಿಮೀಟರ್.” ಚೀಲ ಕಟ್ಟುತ್ತಿದ್ದ ಮಗಳತ್ತ ಕೈತೋರಿ ಮೆಲ್ಲಗೆ ಹೇಳಿದರು: “ಆಗ ಇವಳ ಎತ್ತರ ಎಂಬತ್ತೆಂಟು.”