ಬಾಲದ ಮೇಲಿನ ನವಿಲು

ಪರೀಕ್ಷೆಯ ದಿನಗಳು ಬಂದಾಗಲೆಲ್ಲ ಒಂದು ವಾಸನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ನಾನು ಅಣ್ಣಿಗೇರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಉತ್ತರಪತ್ರಿಕೆಗಳನ್ನು ಬಟ್ಟೆಯಲ್ಲಿ ಸುತ್ತಿ, ಹೊಲಿದು, ಹೊಲಿಗೆಯ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುತ್ತೇವಲ್ಲ, ಆ ಅರಗಿನ ವಾಸನೆ. ಮೇಣದಬತ್ತಿಯ ಉರಿಗೆ ಅರಗಿನ ಕಡ್ಡಿ ಹಿಡಿದ ಕೂಡಲೇ ಕೋಣೆಯ ತುಂಬ ಸ್ವಲ್ಪ ಸಿಹಿ, ಸ್ವಲ್ಪ ಕಮಟು ಹೊಗೆ ಆಡುತ್ತದೆ. ಜೊತೆಯ ಮಾಸ್ತರರು ಕೆಮ್ಮುತ್ತಾ ಕಿಟಕಿ ತೆರೆಯುತ್ತಾರೆ. ನಾನು ಮಾತ್ರ ಕೂತಲ್ಲೇ ಕಲಘಟಗಿಯ ನಮ್ಮ ಮನೆಯ ಪಡಸಾಲೆಗೆ ಹೋಗಿಬಿಟ್ಟಿರುತ್ತೇನೆ. ಬಾಲ್ಯದ ಮನೆ ನೆನಪಾದರೆ ಬಹಳ ಜನರಿಗೆ ಎದೆ ತುಂಬಿ ಬರುತ್ತದಂತೆ. ನಿಮಗೂ ಹಾಗೆಯೇ ಇರಬಹುದು. ನನಗೆ ಮೊದಲು ಕಿವಿ ಬಿಸಿಯಾಗುತ್ತದೆ, ತಲೆ ತಗ್ಗುತ್ತದೆ. ಎದೆ ತುಂಬುವುದು ಆಮೇಲೆ.

ನಮ್ಮದು ತೊಟ್ಟಿಲು ಮಾಡುವ ಮನೆತನ. ಸಾಗುವಾನಿಯ ಕಟ್ಟಿಗೆ, ಅದರ ಮೇಲೆ ಅರಗಿನ ಬಣ್ಣ, ಪಟ್ಟಿಯ ತುಂಬ ಬಾಲಕೃಷ್ಣ, ಗಿಳಿ, ನವಿಲು. ಹುಬ್ಬಳ್ಳಿ ಕಡೆಯಿಂದ, ಕುಂದಗೋಳ ಕಡೆಯಿಂದ ಮಗಳ ಚೊಚ್ಚಲು ಬಾಣಂತನಕ್ಕೆಂದು ಜನ ನಮ್ಮ ಮನೆಯ ತೊಟ್ಟಿಲನ್ನೇ ಕೇಳಿಕೊಂಡು ಬರುತ್ತಿದ್ದರು. ಪಡಸಾಲೆಯ ಒಂದು ಮೂಲೆಯಲ್ಲಿ ಕಟ್ಟಿಗೆ ತಿರುಗಿಸುವ ಲೇತು. ಅಪ್ಪ ತಿರುಗುವ ಗೂಟಕ್ಕೆ ಅರಗಿನ ಬತ್ತಿ ಒತ್ತಿ ಹಿಡಿದರೆ ಅದು ಬಿಸಿಗೆ ಕರಗಿ, ಕಣ್ಣ ಮುಂದೆಯೇ ಗೂಟಕ್ಕೆ ಕೆಂಪು ಸೀರೆ ಉಡಿಸಿದಂತೆ ಹಬ್ಬುತ್ತಿತ್ತು. ಮೇಲೆ ಕೇದಗೆ ಎಲೆಯಿಂದ ಉಜ್ಜಿದರೆ ಮುಖ ಕಾಣುವಷ್ಟು ಹೊಳಪು. ಅಪ್ಪನ ಅವ್ವ, ನಮ್ಮ ಆಯಿ, ಗೋಡೆಗೆ ಒರಗಿ ಕೂತು ಹುಣಸೆಬೀಜದ ಅಂಟು ಅರೆಯುತ್ತಾ ಇಡೀ ಮನೆಯನ್ನು ಕಣ್ಣಲ್ಲೇ ನಡೆಸುತ್ತಿದ್ದಳು. ಅವಳ ಒಂದು ಕಟ್ಟಪ್ಪಣೆ ಎಲ್ಲರಿಗೂ ಗೊತ್ತಿತ್ತು. ಖಾಲಿ ತೊಟ್ಟಿಲು ತೂಗಬಾರದು. ಸುಮ್ಮನೆ ಕೈ ತಾಗಿ ಅಲುಗಿದರೂ ಓಡಿಹೋಗಿ ಹಿಡಿದು ನಿಲ್ಲಿಸಬೇಕು.

ಬಣ್ಣದ ಕೆಲಸದಲ್ಲಿ ರೇಣುಕಾ ಕಾಕುವಿನ ಕೈಗೆ ಸಾಟಿಯಿರಲಿಲ್ಲ. ಅಪ್ಪನ ತಮ್ಮ ಗಂಗೂ ಕಾಕಾನ ಹೆಂಡತಿ ಅವಳು, ದೇವಿಕೊಪ್ಪದವಳು. ಮದುವೆಯಾಗಿ ಬಂದ ಮೇಲೆಯೇ ಕುಂಚ ಹಿಡಿದದ್ದಂತೆ, ಆದರೂ ಅವಳು ಬರೆದ ನವಿಲು ಈಗ ಕೂಗುತ್ತದೆ, ಇನ್ನೇನು ಕೂಗುತ್ತದೆ ಅನ್ನುವ ಹಾಗಿರುತ್ತಿತ್ತು. ಅವಳಿಗೆ ಮಕ್ಕಳಾಗಲಿಲ್ಲ. ಒಮ್ಮೆ ತೊಟ್ಟಿಲು ಒಯ್ಯಲು ಬಂದ ಹೆಂಗಸೊಬ್ಬಳು ಬಣ್ಣವನ್ನು ಹೊಗಳಿ ಹೊಗಳಿ, ಕೊನೆಗೆ ಬರೆದವಳಿಗೆ ಎಷ್ಟು ಮಕ್ಕಳು ಎಂದು ಕೇಳಿದಳು. ಉತ್ತರ ಕೇಳಿದ ಮೇಲೆ ತೊಟ್ಟಿಲನ್ನು ಅಲ್ಲೇ ಬಿಟ್ಟು ಹೋದಳು. ಮರುದಿನ ಆಯಿ ಕಾಕುವನ್ನು ಬೈಯಲಿಲ್ಲ. ಕುಂಚದ ಡಬ್ಬಿಯನ್ನು ಎತ್ತಿ ನನ್ನ ಅವ್ವನ ಮುಂದೆ ಇಟ್ಟು, "ರೇಣುಕಾ, ನೀ ಅಡಗಿ ಮನಿ ಕಡೆ ನೋಡವಾ" ಅಂದಳು, ಅಷ್ಟೇ. ಅಪ್ಪ ಆ ತೊಟ್ಟಿಲಿನ ನವಿಲಿನ ಮೇಲೆ ಹಳದಿ ಬಳಿದ. ಅವ್ವನಿಗೆ ಕುಂಚ ಹಿಡಿದು ರೂಢಿಯಿರಲಿಲ್ಲ. ಅಲ್ಲಿಂದ ಮುಂದೆ ನಮ್ಮ ತೊಟ್ಟಿಲಿನ ನವಿಲುಗಳೆಲ್ಲ ಕಾಳು ಆರಿಸುವ ಕೋಳಿಗಳಾದವು. ಅದನ್ನು ನೋಡಿ ನಾನು ನಗುತ್ತಿದ್ದೆ. ಕಾಕು ಒಲೆಯ ಮುಂದೆ ಬೆನ್ನು ಮಾಡಿ ಕೂತಿರುತ್ತಿದ್ದಳು, ಅವಳ ಮುಖ ನನಗೆ ಕಾಣುತ್ತಿರಲಿಲ್ಲ.

ಗಂಗೂ ಕಾಕಾನಿಗೆ ವಿಮಾನದ ಹುಚ್ಚು ಹಿಡಿದದ್ದು ಆ ಹೊತ್ತಿನಲ್ಲೇ. ಹುಬ್ಬಳ್ಳಿಗೆ ತೊಟ್ಟಿಲು ಮುಟ್ಟಿಸಲು ಹೋದವನು ಅಲ್ಲಿಯ ಬಯಲಿನಲ್ಲಿ ಕಾಲೇಜಿನ ಹುಡುಗರು ರಿಮೋಟಿನಿಂದ ಸಣ್ಣ ವಿಮಾನ ಹಾರಿಸುವುದನ್ನು ನೋಡಿದ. ಕೊನೆಯ ಬಸ್ಸು ತಪ್ಪುವವರೆಗೂ ನೋಡಿದ. ಬಂದವನೇ ಗೋಡೆಯ ಕ್ಯಾಲೆಂಡರ್ ಇಳಿಸಿ ಅದರ ಹಿಂಬದಿಗೆ ರೆಕ್ಕೆಯ ಚಿತ್ರ ಬರೆಯತೊಡಗಿದ. ತಯಾರಾದದ್ದನ್ನು ತಂದು ಹಾರಿಸುವುದು ಅವನಿಗೆ ಬೇಕಿರಲಿಲ್ಲ, ತನ್ನ ಕೈಯಿಂದ ಆದದ್ದೇ ಹಾರಬೇಕು. ತಂತಿ ಕಾಯಿಸಿ ಥರ್ಮಾಕೋಲ್ ಕೊಯ್ದು, ಮೇಲೆ ಉಬ್ಬು, ಕೆಳಗೆ ಸಪಾಟು ಆಗುವಂತೆ ರೆಕ್ಕೆ ಮಾಡಿದ. ಒಳಗೆ ಬಿದಿರಿನ ಸೀಳು ಇಟ್ಟ. ಬಾಲಕ್ಕೆ ಹಗುರ ಕಟ್ಟಿಗೆಯ ಚೌಕಟ್ಟು ಕಟ್ಟಿ ತೆಳ್ಳನೆಯ ಕಾಗದ ಹೊದಿಸಿದ. ಮೊದಲು ಮೋಟರಿಲ್ಲದೆ ಮಾಳಿಗೆಯ ಮೇಲಿನಿಂದ ಎಸೆದು ನೋಡುತ್ತಿದ್ದ. ಅವು ಒಂದೊಂದಾಗಿ ಹೋಗಿ ಆಯಿಯ ಸಂಡಿಗೆಯ ಮೇಲೇ ಇಳಿಯುತ್ತಿದ್ದವು. ಪ್ರತಿ ಸಲ ಬಿದ್ದಾಗಲೂ ಕಾಕಾ ರೆಕ್ಕೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಮತ್ತೆ ಎಸೆಯುತ್ತಿದ್ದ. ಓಣಿಯಲ್ಲಿ ನಗು ಶುರುವಾಯಿತು. ಮಕ್ಕಳಿಲ್ಲದವ ತಾನೇ ಆಟಿಕೆ ಮಾಡಿಕೊಂಡು ಆಡುತ್ತಿದ್ದಾನೆ ಅನ್ನುವ ಮಾತು ನನ್ನ ಕಿವಿಗೂ ಬಿತ್ತು. ಶಾಲೆಯಲ್ಲಿ ಗೆಳತಿಯರು ಕೇಳಿದರೆ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಒಂದು ಸಂಜೆ ಅಪ್ಪ ಲೇತು ನಿಲ್ಲಿಸಿ, ಇದೆಲ್ಲ ಸಾಕು, ನಾಳೆಯಿಂದ ಗೂಟ ಕಡೆಯಲು ಕೂಡು ಎಂದು ತಮ್ಮನಿಗೆ ಹೇಳಿದ. ನಾನು ಅಲ್ಲೇ ಅರಗಿನ ಚೂರು ಆರಿಸುತ್ತಿದ್ದೆ. ಅದು ಹಾರಿದರೆ ಏನು ಮಾಡುತ್ತೀ ಎಂದು ಕಾಕಾ ಕೇಳಿದ. ಹಾರಲಿ ನೋಡೋಣ, ನೀನು ಹೇಳಿದ ಹಾಗೆ ಕೇಳುತ್ತೇನೆ ಎಂದು ಅಪ್ಪ ನಕ್ಕ. ಕಾಕಾ ನಗಲಿಲ್ಲ.

"ಹಾರಿದ್ರ ಕುಂಚ ರೇಣುಕಾನ ಕೈಯಾಗ ಕೊಡಬೇಕಣ್ಣಾ. ಅವ್ವಗ ನೀನ ಹೇಳಬೇಕು."

ಅಪ್ಪ "ಆಯ್ತು. ಹಾರ್ಲಿಲ್ಲಂದ್ರ ಇದರ ಸುದ್ದಿ ಮತ್ತ ತಗೀಬ್ಯಾಡ" ಅಂದ. ಕಾಕುವಿಗೆ ಇದನ್ನು ಹೇಳಬೇಡ ಎಂದು ಕಾಕಾ ನನಗೆ ಕಣ್ಣಿನಲ್ಲೇ ಹೇಳಿದ. ಆಸೆ ಹುಟ್ಟಿಸಿ ಮುರಿಯುವುದು ಅವನಿಗೆ ಬೇಡವಾಗಿತ್ತು.

ರಿಮೋಟು, ಮೋಟರು, ಬಾಲದ ಪಟ್ಟಿ ಅಲುಗಿಸುವ ಬೆರಳಿನಷ್ಟು ಸಣ್ಣ ಯಂತ್ರ, ಎಲ್ಲ ಬಂದು ಕೂಡಿದವು. ಕಾಕಾ ರಿಮೋಟಿನ ಕಡ್ಡಿ ಮುಟ್ಟಿದರೆ ಅತ್ತ ಬಾಲ ತಲೆದೂಗುತ್ತಿತ್ತು. ಆಯಿ ಅದನ್ನು ನೋಡಿ ದೇವರ ಕೋಣೆಯ ಕದ ಎಳೆದುಕೊಂಡಳು. ಬ್ಯಾಟರಿಗೆಂದು ಕಾಕಾ ಹುಬ್ಬಳ್ಳಿಗೆ ಹೋದ ದಿನ ಮಧ್ಯಾಹ್ನ ಮನೆಯವರೆಲ್ಲ ಊಟ ಮಾಡಿ ಅಡ್ಡಾಗಿದ್ದರು. ನಾನು ಮಾಳಿಗೆ ಹತ್ತಿದೆ. ಅಲ್ಲಿ ಕಾಕು ವಿಮಾನದ ಬಾಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ತೊಟ್ಟಿಲಿನ ಪಟ್ಟಿಗೆ ಮಾಡುವ ಹಾಗೆಯೇ ಹುಣಸೆಬೀಜದ ಅಂಟಿನಲ್ಲಿ ಬಟ್ಟೆ ಹಚ್ಚಿ, ಮೇಲೆ ಬಿಳಿ ಬಳಿದು, ಬಣ್ಣ ತುಂಬಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಹೊಳಪಿಗೆ ಸವರುತ್ತಿದ್ದಳು. ನವಿಲು ಗರಿ ಬಿಚ್ಚಿ ನಿಂತಿತ್ತು. ಅಷ್ಟು ದಿನ ಬಿಟ್ಟ ಕೈ ಅದು ಅಂತ ಯಾರೂ ಹೇಳುತ್ತಿರಲಿಲ್ಲ. ನನ್ನನ್ನು ನೋಡಿ ಅವಳು ತಪ್ಪು ಮಾಡಿ ಸಿಕ್ಕವಳ ಹಾಗೆ ಕುಂಚ ಮರೆಮಾಡಿದಳು. ಇದು ತೊಟ್ಟಿಲಲ್ಲ, ಇದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ನನಗೆ, ಒಂದು ಸಣ್ಣ ಹುಡುಗಿಗೆ, ಸಮಜಾಯಿಷಿ ಕೊಟ್ಟಳು. ಇವತ್ತು ಬರೆಯುವಾಗ ಆ ಸಮಜಾಯಿಷಿ ನನ್ನನ್ನು ಕೊಯ್ಯುತ್ತದೆ.

ಕಾಕಾ ಬಂದು ಬಾಲವನ್ನು ನೋಡಿದ. ಟವೆಲಿನಿಂದ ಮುಖವನ್ನು ಬಹಳ ಹೊತ್ತು ಒರೆಸಿಕೊಂಡ. ಕಾಕು ಚಹಾಕ್ಕೆ ಒಳಗೆ ಹೋದಾಗ ಬಾಲವನ್ನು ವಿಮಾನಕ್ಕೆ ಕೂಡಿಸಿ, ರೆಕ್ಕೆಯ ಕೆಳಗೆ ಎರಡೂ ಬದಿಗೆ ಒಂದೊಂದು ಬೆರಳು ಕೊಟ್ಟು ಎತ್ತಿದ. ಹಾರುವ ವಿಮಾನ ಹಾಗೆ ಬೆರಳ ಮೇಲೆ ತಕ್ಕಡಿಯಂತೆ ಸಮ ನಿಲ್ಲಬೇಕು. ನಮ್ಮದು ಮೂತಿ ಮೇಲೆತ್ತಿ ಬಾಲದ ಮೇಲೆ ಕುಕ್ಕರಿಸಿತು. ಬ್ಯಾಟರಿಯನ್ನು ಮೂತಿಯ ತುದಿಗೆ ತಳ್ಳಿದರೂ ಕುಕ್ಕರಿಸಿತು. ಬಣ್ಣ ತೂಗುವ ತಕ್ಕಡಿಯ ಪೆಟ್ಟಿಗೆಯಿಂದ ಹಿತ್ತಾಳೆಯ ದೊಡ್ಡ ತೂಕದ ಬಟ್ಟನ್ನು ತೆಗೆದು ಮೂತಿಯೊಳಗೆ ಕಟ್ಟಿದ ಮೇಲೆ ಸಮ ನಿಂತಿತು. ಆದರೆ ಎತ್ತಿ ನೋಡಿದವನ ಮುಖ ಸಣ್ಣದಾಯಿತು. ಬಾಲದಲ್ಲಿ ಬಣ್ಣದ ಭಾರ, ಅದಕ್ಕೆ ಸಮವಾಗಲು ಮೂತಿಯಲ್ಲಿ ಹಿತ್ತಾಳೆಯ ಭಾರ. ಆ ಸಣ್ಣ ಮೋಟರು ಎಷ್ಟಂತ ಹೊತ್ತೀತು? ಬಣ್ಣ ಕೆರೆದು ತೆಗೆಯಲೇ ಎಂದು ನಾನು ಕೇಳಿದೆ. ನನಗೆ ಲೆಕ್ಕ ಅಷ್ಟು ಸರಳವಾಗಿ ಕಂಡಿತ್ತು.

"ಆಕಿ ತಾನ ಕುಂಚ ಹಿಡದಾಳ ಮಗಳ," ಅಂದ ಕಾಕಾ. "ಈ ಮಾತ ಇನ್ನೊಮ್ಮೆ ಆಡಬ್ಯಾಡ."

ದೇವಿಕೊಪ್ಪದ ರಸ್ತೆಯ ಬಾಜು, ಭತ್ತ ಕೊಯ್ದು ಒಣಗಿದ್ದ ಗದ್ದೆಗೆ ಓಣಿಯೇ ಬಂದಿತ್ತು. ಅಪ್ಪ ಕೈಕಟ್ಟಿ ನಿಂತಿದ್ದ. ಆಯಿ ಬರಲಿಲ್ಲ. ಕಾಕು ಬದುವಿನ ಮೇಲೆ ತಲೆತುಂಬ ಸೆರಗು ಹೊದ್ದು ನಿಂತಿದ್ದಳು. ಕಾಕಾ ಗಾಳಿಗೆ ಎದುರಾಗಿ ಓಡಿ ವಿಮಾನವನ್ನು ಬಿಟ್ಟ. ಮೋಟರು ಕೊರೆಯುವ ದನಿಯಲ್ಲಿ ಕೂಗಿತು. ಅದು ಒಮ್ಮೆ ತಗ್ಗಿತು, ಆಮೇಲೆ ಏರಿತು. ಬೇವಿನ ಮರದ ತುದಿಯವರೆಗೂ ಏರಿತು. ಇಳಿಬಿಸಿಲು ಬಾಲಕ್ಕೆ ಬಿದ್ದು ನವಿಲು ಹೊತ್ತಿಕೊಂಡಂತೆ ಹೊಳೆಯಿತು. ಗದ್ದೆಯ ತುಂಬ ಎಲ್ಲರ ತಲೆ ಮೇಲಕ್ಕೆ ಎದ್ದಿತ್ತು. ನಾನು ಕಾಕುವಿನ ಕಡೆ ನೋಡಿದೆ. ಅವಳ ಸೆರಗು ಹೆಗಲಿಗೆ ಜಾರಿತ್ತು, ಅವಳಿಗೆ ಅದರ ಖಬರೇ ಇರಲಿಲ್ಲ. ತಿರುಗಿಸುವ ಹೊತ್ತಿಗೆ ಮೋಟರು ಸೋತಿತು. ವಿಮಾನ ಏದುಸಿರು ಬಿಟ್ಟ ಹಾಗೆ ನಿಂತು, ಒಂದು ರೆಕ್ಕೆ ಬಾಗಿಸಿ, ಬಂದು ಬದುವಿಗೆ ಬಡಿಯಿತು.

"ನವಿಲು ಹಾರೂದ ಅಷ್ಟಲೇ" ಎಂದು ಹಿಂದಿನಿಂದ ಯಾರೋ ಅಂದರು. ಇಡೀ ಗದ್ದೆ ನಕ್ಕಿತು. ಕಾಕಾನೂ ಅವರ ಜೊತೆ ನಕ್ಕು, ತನ್ನ ಕೈ ಜಾರಿತು, ರಿಮೋಟು ಹೊಸದು ಎಂದು ಎಲ್ಲರಿಗೂ ಕೇಳುವ ಹಾಗೆ, ಮುಖ್ಯವಾಗಿ ಬದುವಿನ ಮೇಲೆ ನಿಂತವಳಿಗೆ ಕೇಳುವ ಹಾಗೆ ಹೇಳಿದ. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ, ಅಷ್ಟು ನಾಚಿಕೆ ನನಗೆ. ಕಾಕಾನ ಬಗ್ಗೆ ನಾಚಿಕೆ. ಯಾರ ಬಗ್ಗೆ ನಾಚಬೇಕಿತ್ತು ಅನ್ನುವುದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು. ಕಾಕು ಹೋಗಿ ಚೂರುಗಳನ್ನು ಉಡಿಯಲ್ಲಿ ಆರಿಸಿಕೊಂಡಳು. ಬಾಲ ಒಂದು ಚೂರೂ ಮುಕ್ಕಾಗದೆ ಉಳಿದಿತ್ತು. ಮರುದಿನ ಕಾಕಾ ಲೇತಿಗೆ ಕೂತ. ಕುಂಚದ ಡಬ್ಬಿ ಅವ್ವನ ಮುಂದೆಯೇ ಇತ್ತು. ಅಪ್ಪ ಏನೂ ಹೇಳಲಿಲ್ಲ, ಕಾಕಾ ಏನೂ ಕೇಳಲಿಲ್ಲ.

ಈಗ ಆ ಮನೆ ಇಲ್ಲ. ಆಯಿ ಹೋದ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಪಡಸಾಲೆ ಇದ್ದಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಬಂದಿದೆ, ಲೇತು ಯಾರ ಪಾಲಿಗೆ ಹೋಯಿತೋ ಗೊತ್ತಿಲ್ಲ. ಅಪ್ಪನೂ ಹೋದ. ಹೋದ ಮಳೆಗಾಲದಲ್ಲಿ ಗಂಗೂ ಕಾಕಾ ಎದೆನೋವೆಂದು ಕೂತವನು ಏಳಲಿಲ್ಲ. ಕಾಕು ದೇವಿಕೊಪ್ಪದಲ್ಲಿ ತಮ್ಮನ ಮಕ್ಕಳು ಮೊಮ್ಮಕ್ಕಳ ನಡುವೆ ಇದ್ದಾಳೆ. ಈ ಸಲ ಪರೀಕ್ಷೆ ಮುಗಿದ ಮೇಲೆ, ಬೆರಳಿನಲ್ಲಿ ಇನ್ನೂ ಅರಗಿನ ವಾಸನೆ ಇದ್ದಾಗಲೇ, ಅವಳನ್ನು ನೋಡಲು ಹೋದೆ. ಚಹಾ ಕೊಟ್ಟು, ಟ್ರಂಕು ತೆರೆದು, ಇಳಕಲ್ ಸೀರೆಯ ಮಡಿಕೆಯಿಂದ ಆ ಬಾಲವನ್ನು ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. ನವಿಲಿನ ಒಂದು ಗರಿಯೂ ಮಾಸಿರಲಿಲ್ಲ. ಅದರ ಪಕ್ಕದಲ್ಲಿ ಹಿತ್ತಾಳೆಯ ಬಟ್ಟು.

"ಮೂತಿ ಒಡದು ಇದು ಹೊರಗ ಬಿದ್ದಿತ್ತು," ಅಂದಳು. "ಬಣ್ಣ ತೂಗೂ ಬಟ್ಟು ನನಗ ಗುರುತ ಸಿಗೂದಿಲ್ಲೇನವಾ? ಯಾಕ ಬಿತ್ತು ಅಂತ ಅವತ್ತ ತಿಳೀತು. ಅವರು ಕೈ ಜಾರ್ತು ಅಂದ್ರು. ನಾ ಹೌದ್ರಿ ಅಂದೆ. ಕಡೀತನಕ ಹಂಗ ನಡೀತು."

ನನಗೆ ಇನ್ನು ತಡೆಯಲಾಗಲಿಲ್ಲ. ಆ ಸಂಜೆ ಲೇತಿನ ಮುಂದೆ ಆದ ಮಾತನ್ನು, ಹಾರಿದರೆ ಕುಂಚ ನಿನ್ನ ಕೈಗೆ ಬರಬೇಕೆಂದು ಕಾಕಾ ಕೇಳಿದ್ದನ್ನು, ಅಪ್ಪ ಒಪ್ಪಿದ್ದನ್ನು ಹೇಳಿದೆ. ಹೇಳುವಾಗ ತಲೆ ಎತ್ತಲಿಲ್ಲ. ಒಳಗೆ ತಮ್ಮನ ಮೊಮ್ಮಗು ತೊಟ್ಟಿಲಿನಲ್ಲಿ ಮಿಸುಕಾಡುತ್ತಿತ್ತು, ಯಾರೋ ತೂಗುತ್ತಿದ್ದರು. ಕಾಕು ಅತ್ತಾಳೇನೋ ಎಂದು ನೋಡಿದೆ. ಅಳುತ್ತಿರಲಿಲ್ಲ. ಬೆರಳಿನಿಂದ ನವಿಲಿನ ಕೊರಳು ಸವರುತ್ತಿದ್ದಳು.

"ಹಾರಿತ್ತಲ್ಲ ಮತ್ತ," ಅಂದಳು. "ಬೇವಿನ ಗಿಡದ ತುದಿ ಮಟಾ ಹಾರಿತ್ತು. ನಾ ನೋಡೇನಿ."

ಹೌದು, ಹಾರಿತ್ತು. ಗದ್ದೆಗೆ ಗದ್ದೆಯೇ ನೋಡಿತ್ತು, ಅಪ್ಪ ನೋಡಿದ್ದ, ನಾನು ನೋಡಿದ್ದೆ. ಮನೆಗೆ ಬಂದು, ಹಾರಿತು ಅನ್ನುವ ಆ ಒಂದು ಮಾತನ್ನು ನಮ್ಮಲ್ಲಿ ಯಾರೂ ಆಡಲಿಲ್ಲ.